ಪೌಡರ್ ತುಂಬಿಸುತ್ತೇವೆ, ಹೊರಬಂದದ್ದು ಎಲ್ಲಿಗೆ ಹೋಗುತ್ತದೆ?

ನಮ್ಮ ಭಾಗದಲ್ಲಿ ಒಂದು ಸರ್ಕಾರಿ ಹುದ್ದೆಗೆ ಅರ್ಜಿ ಹಾಕಿದವರನ್ನು ಕೇಳಿ ನೋಡಿ. ಅರ್ಜಿ ಆನ್‌ಲೈನ್‌ನಲ್ಲೇ ಇರುತ್ತದೆ. ಆದರೂ ಜಾತಿ–ಆದಾಯ ಪ್ರಮಾಣಪತ್ರ, 371(ಜೆ) ಪ್ರಮಾಣಪತ್ರ, ಅಂಕಪಟ್ಟಿ, ಆಧಾರ್ ಎಂದು ಎಲ್ಲದಕ್ಕೂ ಎರಡೆರಡು ಪ್ರತಿ ಬೇಕು. ಹೀಗಾಗಿ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಎಲ್ಲೇ ಹೋದರೂ ಕಾಲೇಜು, ಕಚೇರಿಗಳ ಎದುರಿನ ಜೆರಾಕ್ಸ್ ಅಂಗಡಿಗಳಿಗೆ ಬಿಡುವಿಲ್ಲ. ಕಾಗದ ಎಷ್ಟು ಖರ್ಚಾಯಿತು ಎಂದು ನಾವು ಲೆಕ್ಕ ಹಾಕುತ್ತೇವೆ, ಪ್ರಿಂಟರ್ ಒಳಗಿನ ಕಾರ್ಟ್ರಿಜ್ ನೆನಪಾಗುವುದಿಲ್ಲ.

ಈ ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುವ 12ಎ ಮಾದರಿಯ ಟೋನರ್ ಕಾರ್ಟ್ರಿಜ್ ಸುಮಾರು 2,000 ಪುಟ ಕೊಡುತ್ತದೆ ಎಂಬುದು ಕಂಪನಿಯ ಲೆಕ್ಕ. ಅದು ಪುಟದ ಶೇ 5ರಷ್ಟು ಜಾಗದಲ್ಲಿ ಮಾತ್ರ ಅಕ್ಷರವಿದ್ದರೆ. ಫೋಟೊ ಇರುವ ಆಧಾರ್ ಪ್ರತಿಗಳನ್ನೇ ತೆಗೆಯುತ್ತಿದ್ದರೆ ಅದಕ್ಕೂ ಬೇಗ ಮುಗಿಯುತ್ತದೆ. ಮುಗಿದಾಗ ಹೊಸದು ಕೊಳ್ಳುವವರು ಕಡಿಮೆ, ಪೌಡರ್ ತುಂಬಿಸುವವರೇ ಹೆಚ್ಚು. ಅದು ಒಳ್ಳೆಯದೇ. ಪರಿಸರದ ಭಾಷಣ ಕೇಳದೆಯೇ ನಮ್ಮ ಅಂಗಡಿಯವರು ಮರುಬಳಕೆ ಮಾಡುತ್ತಿದ್ದಾರೆ.

ತೊಡಕು ಇರುವುದು ತುಂಬಿಸುವ ಮೊದಲು. ಡ್ರಮ್ ಮೇಲಿನ ಪೌಡರ್ ಎಲ್ಲವೂ ಕಾಗದಕ್ಕೆ ಹತ್ತುವುದಿಲ್ಲ. ಉಳಿದದ್ದನ್ನು ಒಂದು ಬ್ಲೇಡ್ ಕೆರೆದು ಕಾರ್ಟ್ರಿಜ್‌ನೊಳಗಿನ ಬೇರೆ ಗೂಡಿಗೆ ತಳ್ಳುತ್ತದೆ. ರೀಫಿಲ್ ಮಾಡುವಾಗ ಆ ಗೂಡನ್ನು ಖಾಲಿ ಮಾಡಬೇಕು. ಎಲ್ಲಿ? ನಾನು ಕಂಡಂತೆ ಅಂಗಡಿಯ ಹಿಂದೆ, ಚರಂಡಿಯ ಪಕ್ಕ, ತಟ್ಟಿ ಕೊಡವಿ. ಅದು ಬರೀ ಮಸಿಯಲ್ಲ, ಕೆಲವೇ ಮೈಕ್ರಾನ್ ಗಾತ್ರದ ಪ್ಲಾಸ್ಟಿಕ್ ಪುಡಿ. ಕೊಡವುವ ಹುಡುಗನ ಮೂಗಿಗೇ ಮೊದಲು ಹೋಗುತ್ತದೆ. ಸಿಮೆಂಟ್ ಧೂಳಿನ ಊರುಗಳಲ್ಲಿ ಹುಟ್ಟಿದ ನಮಗೆ ಧೂಳು ಎಂದರೆ ಏನೆಂದು ಯಾರೂ ಹೇಳಿಕೊಡಬೇಕಿಲ್ಲ. ಆ ಪುಡಿಯನ್ನು ದಪ್ಪ ಚೀಲಕ್ಕೆ ಸುರಿದು ಬಾಯಿ ಕಟ್ಟುವುದು, ಮಾಸ್ಕ್ ಹಾಕುವುದು, ಕೈಯನ್ನು ತಣ್ಣೀರಲ್ಲೇ ತೊಳೆಯುವುದು (ಬಿಸಿನೀರಿಗೆ ಅದು ಮೆತ್ತಗಾಗಿ ಅಂಟುತ್ತದೆ) ಇಷ್ಟಕ್ಕೆ ದೊಡ್ಡ ಖರ್ಚೇನೂ ಇಲ್ಲ. ಪ್ರಿಂಟ್‌ನಲ್ಲಿ ಕಪ್ಪು ಗೆರೆ ಬಂದ ಕೂಡಲೇ ಇಡೀ ಕಾರ್ಟ್ರಿಜ್ ಎಸೆಯುವುದೂ ಬೇಕಿಲ್ಲ. ಡ್ರಮ್, ಬ್ಲೇಡ್ ಬಿಡಿಯಾಗಿ ಸಿಗುತ್ತವೆ.

‘ಇಷ್ಟೊಂದು ಸಿಮೆಂಟ್ ಫ್ಯಾಕ್ಟರಿ ಅವ, ಕಿಲ್ನ್‌ಗೆ ಹಾಕಿದ್ರಾಯ್ತಲ್ಲ’ ಎಂದು ಗೆಳೆಯರು ಕೇಳುತ್ತಾರೆ. ಹಲವು ಬಗೆಯ ತ್ಯಾಜ್ಯ ಸಿಮೆಂಟ್ ಕಿಲ್ನ್‌ಗೆ ಹೋಗುವುದು ನಿಜ. ಆದರೆ ಇ-ತ್ಯಾಜ್ಯದ ಎಲೆಕ್ಟ್ರಾನಿಕ್ ಭಾಗವನ್ನು ಅಲ್ಲಿ ಸುಡಬಾರದು ಎನ್ನುತ್ತದೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾರ್ಗಸೂಚಿ. ಈಗಿನ ಎಷ್ಟೋ ಕಾರ್ಟ್ರಿಜ್‌ಗಳಲ್ಲಿ ಚಿಪ್ ಇದೆ.

ಕಾನೂನಿನ ಪ್ರಕಾರವೂ ಕಾರ್ಟ್ರಿಜ್ ಇ-ತ್ಯಾಜ್ಯವೇ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿರ್ವಹಣಾ ನಿಯಮಗಳ ಪಟ್ಟಿಯಲ್ಲಿ ‘ಕಾರ್ಟ್ರಿಜ್ ಸಹಿತ ಪ್ರಿಂಟರ್’ ಇದೆ. ಮರುಸಂಸ್ಕರಣೆಯ ಹೊಣೆ ತಯಾರಕರದು. ನೋಂದಾಯಿತರಿಗೇ ತ್ಯಾಜ್ಯ ಒಪ್ಪಿಸಬೇಕಾದ ದೊಡ್ಡ ಬಳಕೆದಾರರು ಎಂದರೆ 1,000 ಅಥವಾ ಹೆಚ್ಚು ಉಪಕರಣ ಉಳ್ಳವರು. ಎರಡು ಪ್ರಿಂಟರ್ ಇಟ್ಟುಕೊಂಡ ಚಿತ್ತಾಪುರದ ಅಂಗಡಿ ಆ ಲೆಕ್ಕಕ್ಕೇ ಬರುವುದಿಲ್ಲ. ಅಂಥ ಅಂಗಡಿಗಳು ಎಷ್ಟಿವೆ!

ಒಂದೇ ಊರಿನ ಅರ್ಧ ಚೀಲ ಕಾರ್ಟ್ರಿಜ್‌ಗಾಗಿ ಯಾರೂ ಗಾಡಿ ಕಳಿಸುವುದಿಲ್ಲ. ಐದೂ ಊರಿನದು ಒಂದೆಡೆ ಸೇರಿದರೆ ಮಾತು ಬೇರೆ. ಚಿಂಚೋಳಿಗೆ ರೈಲಿಲ್ಲ, ಅಲ್ಲಿಯದು ಬಸ್ಸಿನಲ್ಲೇ ಬರಬೇಕು. ಉಳಿದ ನಾಲ್ಕೂ ವಾಡಿ ಜಂಕ್ಷನ್‌ನ ಆಸುಪಾಸಿನ ರೈಲು ಮಾರ್ಗದಲ್ಲೇ ಇವೆ. ಪ್ರತಿ ಊರಿನ ಕಾಲೇಜಿನ ಎನ್‌ಎಸ್‌ಎಸ್ ಘಟಕ ಒಂದು ಪೆಟ್ಟಿಗೆ ಇಟ್ಟು, ಆರು ತಿಂಗಳಿಗೊಮ್ಮೆ ನೋಂದಾಯಿತ ಮರುಸಂಸ್ಕರಣೆದಾರರನ್ನು ಕರೆಸಲಿ. ಅವರ ಪಟ್ಟಿ ಮಂಡಳಿಯ ಜಾಲತಾಣದಲ್ಲಿ ಸಿಗುತ್ತದೆ.

ಪ್ರಾಜೆಕ್ಟ್ ರಿಪೋರ್ಟಿನ ಕರಡನ್ನು ಪಿಡಿಎಫ್‌ನಲ್ಲೇ ತಿದ್ದಿಕೊಡಿ ಎಂದು ಮೇಷ್ಟ್ರನ್ನು ಕೇಳುವುದಂತೂ ನಮ್ಮ ಕೈಯಲ್ಲೇ ಇದೆ. ಹಾಗೆಯೇ ಅಂಗಡಿಯಲ್ಲಿ ‘ಅಣ್ಣಾ, ಟೋನರ್ ಸೇವ್ ಹಾಕಿ ತೆಗೀರಿ’ ಎನ್ನುವುದೂ. ಓದಿಕೊಳ್ಳುವ ನೋಟ್ಸ್‌ಗೆ ಕಡುಗಪ್ಪು ಯಾಕೆ ಬೇಕು?