ಮೌಢ್ಯ ಯಾರದು ಎಂದು ಕೇಳುವ ಓದು

ನೀಟ್ ಫಲಿತಾಂಶ ಬಂದ ವಾರ ನಮ್ಮ ಮನೆಗಳಲ್ಲಿ ನಡೆಯುವ ಮಾತು ಒಂದೇ. ಎಂಬಿಬಿಎಸ್ ಸೀಟು ಸಿಗುತ್ತದೆಯೇ? ಸಿಗದಿದ್ದರೆ ಡೆಂಟಲ್, ಆಯುರ್ವೇದ, ನರ್ಸಿಂಗ್, ಫಾರ್ಮಸಿ. ಅದೂ ಬೇಡವೆಂದರೆ ಎಂಜಿನಿಯರಿಂಗ್. ನಾನು ಎಂಜಿನಿಯರಿಂಗ್ ಓದಿ, ಸರ್ಕಾರಿ ಕೆಲಸ ಮಾಡಿ ನಿವೃತ್ತನಾದವನು. ಈ ಪಟ್ಟಿಯ ಮೇಲೆ ನನಗೆ ಸಿಟ್ಟಿಲ್ಲ. ಅದರಿಂದ ಸಾವಿರಾರು ಮನೆಗಳು ಮೇಲೆ ಬಂದಿವೆ. ಆದರೆ ಇದಕ್ಕೆ ಇನ್ನೊಂದು ಓದನ್ನು ಸೇರಿಸಬೇಕಾಗಿದೆ, ಸೇರಿಸುವ ಶಕ್ತಿ ನಮ್ಮ ಮಠಗಳ ಹಾಗೂ ಸಮಾಜದ ವಿದ್ಯಾಸಂಸ್ಥೆಗಳಿಗೆ ಇದೆ ಎಂಬುದು ನನ್ನ ವಾದ. ಆ ಓದಿನ ಹೆಸರು ವೈದ್ಯಕೀಯ ಮಾನವಶಾಸ್ತ್ರ ಮತ್ತು ಜಾಗತಿಕ ಆರೋಗ್ಯ.

ಹೆಸರು ದೊಡ್ಡದು, ವಿಷಯ ಸರಳ. ನಮ್ಮ ಭಾಷೆಯಲ್ಲಿ ರೋಗ ಎಂಬ ಮಾತೂ ಇದೆ, ಬೇನೆ ಎಂಬ ಮಾತೂ ಇದೆ. ವೈದ್ಯರು ಎಕ್ಸ್‌ರೇಯಲ್ಲಿ, ರಕ್ತಪರೀಕ್ಷೆಯಲ್ಲಿ ಹುಡುಕುವುದು ರೋಗವನ್ನು. ಮನುಷ್ಯ ಅನುಭವಿಸುವುದು ಬೇನೆಯನ್ನು. ಆ ಬೇನೆಯೊಳಗೆ ಕೂಲಿ ತಪ್ಪುವ ಚಿಂತೆ ಇರುತ್ತದೆ, ಮಗಳ ಮದುವೆ ನಿಂತೀತೆಂಬ ಅಂಜಿಕೆ ಇರುತ್ತದೆ, ‘ಇದು ಉಷ್ಣ’, ‘ಇದು ನಂಜು’, ‘ಇದು ದೃಷ್ಟಿ’ ಎಂಬ ವಿವರಣೆಯೂ ಇರುತ್ತದೆ. ಮನೋವೈದ್ಯರೂ ಮಾನವಶಾಸ್ತ್ರಜ್ಞರೂ ಆದ ಅಮೆರಿಕದ ಆರ್ಥರ್ ಕ್ಲೈನ್‌ಮನ್ 1970ರ ದಶಕದಲ್ಲಿ ವೈದ್ಯರಿಗೆ ಕೆಲವು ಪ್ರಶ್ನೆಗಳನ್ನು ಕಲಿಸಿಕೊಟ್ಟರು. ರೋಗಿ ತನ್ನ ತೊಂದರೆಯನ್ನು ಏನೆಂದು ಕರೆಯುತ್ತಾನೆ, ಯಾಕೆ ಬಂತೆಂದು ತಿಳಿದಿದ್ದಾನೆ, ಅದರಿಂದ ಅವನಿಗೆ ಹೆಚ್ಚು ಭಯವಿರುವುದು ಯಾವುದರದು ಎಂಬಂಥವು ಅವು. ಇಂಥ ಪ್ರಶ್ನೆಗಳನ್ನು ಕ್ರಮವಾಗಿ ಕೇಳಿ, ಬರೆದುಕೊಂಡು, ತಾಳೆ ನೋಡುವುದು ವೈದ್ಯಕೀಯ ಮಾನವಶಾಸ್ತ್ರ. ರೋಗಗಳು ಗಡಿ ದಾಟುವ ಬಗೆ, ಔಷಧ ಯಾರಿಗೆ ತಲಪುತ್ತದೆ, ಯಾರಿಗೆ ತಲಪುವುದಿಲ್ಲ ಎಂಬ ಲೆಕ್ಕ ಜಾಗತಿಕ ಆರೋಗ್ಯ.

ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳಲ್ಲಿ ಇದನ್ನು ಪದವಿ ಹಂತದಲ್ಲೇ ಓದಬಹುದು. ಕರ್ನಾಟಕದಲ್ಲಿ ಧಾರವಾಡ, ಮೈಸೂರು ವಿಶ್ವವಿದ್ಯಾಲಯಗಳಲ್ಲಿ ಮಾನವಶಾಸ್ತ್ರ ವಿಭಾಗಗಳಿವೆ. ವೈದ್ಯಕೀಯ ವಿದ್ಯಾರ್ಥಿಗಳಿಗೆ ಸಮುದಾಯ ವೈದ್ಯಶಾಸ್ತ್ರದ ಪಾಠದಲ್ಲಿ ಸಮಾಜಶಾಸ್ತ್ರದ ಒಂದಿಷ್ಟು ಪುಟಗಳಿವೆ. ಎರಡನ್ನೂ ಮೊದಲ ವರ್ಷದಿಂದ ಒಟ್ಟಿಗೆ ಕಲಿಸುವ ಪದವಿ ನಮ್ಮಲ್ಲಿ ವಿರಳ.

ಪಿಯುಸಿ ಮುಗಿಸಿದ ನನ್ನ ಅಕ್ಕನ ಮೊಮ್ಮಗಳು ಇದನ್ನೇ ಓದುತ್ತೇನೆ ಎಂದಾಗ ಮನೆಯಲ್ಲಿ ಎರಡು ಆಕ್ಷೇಪ ಬಂದವು. ಒಂದು, ಕೆಲಸ ಎಲ್ಲಿ ಸಿಗುತ್ತದೆ ಎಂಬುದು. ಇನ್ನೊಂದನ್ನು ಎತ್ತಿದವರು ವರ್ಷಗಳಿಂದ ವಚನಗೋಷ್ಠಿ ನಡೆಸಿಕೊಂಡು ಬಂದಿರುವ ನಮ್ಮ ಬಳಗದ ಹಿರಿಯರು. “ಮಾರಿ, ಮಂತ್ರ, ತಾಯಿತ ಬಿಡಿಸೋದಕ್ಕೆ ನಾವು ಇಷ್ಟು ವರ್ಷ ಹೋರಾಡಿದ್ದೀವಿ. ನೀನು ಅದನ್ನೇ ಶಾಸ್ತ್ರ ಅಂತ ಓದ್ತೀಯೇನಮ್ಮ?” ಅವಳು, “ಜನ ಯಾಕೆ ಅಲ್ಲಿಗೆ ಹೋಗ್ತಾರೆ ಅಂತ ಯಾರಾದರೂ ಅವರನ್ನೇ ಕೇಳಿದ್ದಾರಾ ತಾತ?” ಎಂದಳು.

ಈ ಎರಡನೆಯ ಆಕ್ಷೇಪ ನಮ್ಮ ಚಳವಳಿಗೇ ಸಂಬಂಧಿಸಿದ್ದು. ಅದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. ಕ್ಷಯದ ಔಷಧಗಳು ಬಂದಿದ್ದ ಕಾಲ. ಹಳ್ಳಿಯ ಜನ ಅಜ್ಞಾನಿಗಳು, ಕೆಮ್ಮಿದರೂ ಆಸ್ಪತ್ರೆಗೆ ಬರುವುದಿಲ್ಲ, ಆದ್ದರಿಂದ ಎಕ್ಸ್‌ರೇ ವಾಹನಗಳನ್ನು ಊರೂರಿಗೆ ಒಯ್ದು ರೋಗಿಗಳನ್ನು ಹುಡುಕಬೇಕು ಎಂಬುದು ಆಗಿನ ಅನೇಕ ತಜ್ಞರ ನಂಬಿಕೆ. ಆ ಸಂಸ್ಥೆಯಲ್ಲಿ ದೇಬಬರ್ ಬ್ಯಾನರ್ಜಿ ಎಂಬ ವೈದ್ಯರಿದ್ದರು. ಎಂಬಿಬಿಎಸ್ ಆದ ಮೇಲೆ ಮಾನವಶಾಸ್ತ್ರವನ್ನೂ ಓದಿದ್ದವರು. ಅವರೂ ಸ್ಟಿಗ್ ಆ್ಯಂಡರ್ಸನ್ ಎಂಬ ಸಹೋದ್ಯೋಗಿಯೂ ನಮ್ಮ ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಹೋಗಿ ರೋಗಿಗಳನ್ನೇ ಕೇಳಿದರು. 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾದ ಉತ್ತರ ತಜ್ಞರ ನಂಬಿಕೆಯನ್ನು ತಲೆಕೆಳಗು ಮಾಡಿತು. ಕಫದಲ್ಲಿ ಕ್ಷಯದ ಕ್ರಿಮಿ ಕಂಡವರಲ್ಲಿ ನೂರಕ್ಕೆ ಸುಮಾರು 95 ಜನರಿಗೆ ತಮ್ಮ ಲಕ್ಷಣಗಳ ಅರಿವಿತ್ತು. 70ಕ್ಕೂ ಹೆಚ್ಚು ಜನ ಅದಕ್ಕಾಗಿ ಚಿಂತೆ ಮಾಡುತ್ತಿದ್ದರು. ಅರ್ಧಕ್ಕೂ ಹೆಚ್ಚು ಜನ ಆಗಲೇ ಆಸ್ಪತ್ರೆಗೆ ಹೋಗಿ ಬಂದಿದ್ದರು. ಅಲ್ಲಿ ಅವರ ಕಫ ಪರೀಕ್ಷೆಯಾಗಿರಲಿಲ್ಲ. ಕೆಮ್ಮಿನ ಔಷಧದ ಬಾಟಲಿ ಕೊಟ್ಟು ಕಳಿಸಿದ್ದರು.

ಇಲ್ಲಿ ಮೌಢ್ಯ ಯಾರದು? ರೋಗಿ ನಡೆದು ಬಂದಿದ್ದ. ‘ಹಳ್ಳಿಯವರು ಬರುವುದಿಲ್ಲ’ ಎಂದು ಪರೀಕ್ಷಿಸದೆ ನಂಬಿದ್ದವರು ಓದಿದವರು. ಪರೀಕ್ಷಿಸದೆ ನಂಬುವುದೇ ಮೌಢ್ಯವೆಂದಾದರೆ ಅದು ಕೋಟು ಹಾಕಿಕೊಂಡೂ ಇರಬಲ್ಲದು. ಈ ಅಧ್ಯಯನ ಕಪಾಟಿನಲ್ಲಿ ಉಳಿಯಲಿಲ್ಲ. 1962ರಲ್ಲಿ ರೂಪುಗೊಂಡ ರಾಷ್ಟ್ರೀಯ ಕ್ಷಯ ನಿಯಂತ್ರಣ ಕಾರ್ಯಕ್ರಮ ಇದೇ ತಿಳಿವಳಿಕೆಯ ಮೇಲೆ ನಿಂತಿತು: ಜನ ತಾವಾಗಿ ಬರುವ ಸಾಮಾನ್ಯ ಆಸ್ಪತ್ರೆಯಲ್ಲೇ ಕಫ ಪರೀಕ್ಷೆಯಾಗಲಿ, ಅಲ್ಲೇ ಔಷಧ ಸಿಗಲಿ. ಆಗ ಬೆಂಗಳೂರಿನಲ್ಲಿ ಕೆಲಸ ಮಾಡಿದ ಡೆನ್ಮಾರ್ಕಿನ ಹಾಲ್ಫ್‌ಡನ್ ಮಾಹ್ಲರ್ 1973ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾದರು. ಅವರ ಅವಧಿಯಲ್ಲೇ, 1978ರಲ್ಲಿ, ಆಲ್ಮಾ ಆಟಾ ಸಮ್ಮೇಳನ ‘ಎಲ್ಲರಿಗೂ ಆರೋಗ್ಯ’ ಎಂಬ ಗುರಿಯನ್ನು ಜಗತ್ತಿನ ಮುಂದಿಟ್ಟಿತು. ಜಾಗತಿಕ ಆರೋಗ್ಯ ಎಂದರೆ ಹೊರದೇಶದಿಂದ ಬಂದ ವಿದ್ಯೆ ಎಂದುಕೊಂಡವರು ಅದರ ಒಂದು ಬೇರು ತುಮಕೂರಿನ ಮಣ್ಣಲ್ಲಿ ಇದೆ ಎಂಬುದನ್ನು ಗಮನಿಸಬೇಕು.

ನಾನು ಈಗ ಇರುವ ಬೆಂಗಳೂರಿನ ಪೂರ್ವ ಭಾಗ ಇದಕ್ಕಿಂತ ಹಳೆಯ ಪಾಠವೊಂದನ್ನು ಹೇಳುತ್ತದೆ. 1898ರ ಆಗಸ್ಟ್‌ನಲ್ಲಿ ಹುಬ್ಬಳ್ಳಿ ಕಡೆಯ ರೈಲಿನ ಮೂಲಕ ಈ ನಗರಕ್ಕೆ ಪ್ಲೇಗ್ ಬಂತು. ಈಗಿನ ಶಿವಾಜಿನಗರ, ಆಗಿನ ಬ್ಲ್ಯಾಕ್‌ಪಳ್ಳಿ, ಇಕ್ಕಟ್ಟಾದ ಓಣಿಗಳ ಜಾಗ. ಕಂಟೋನ್ಮೆಂಟಿನ ಆಡಳಿತ ಎಂಜಿನಿಯರಿಂಗ್ ಉತ್ತರ ಕೊಟ್ಟಿತು. 1906ರಲ್ಲಿ ಶುರುವಾದ ಫ್ರೇಜರ್ ಟೌನ್, ಇಂದಿನ ಪುಲಕೇಶಿನಗರ, ಪ್ಲೇಗ್ ನುಗ್ಗದಂತೆ ಯೋಜಿಸಿದ ಬಡಾವಣೆ. ಗಾಳಿ ಬೆಳಕಿಗೆ ಜಾಗ, ಇಲಿ ಸೇರದಂಥ ಮನೆಗಳು. ಅದನ್ನು ರೂಪಿಸಿದ ಜೆ.ಎಚ್. ಸ್ಟೀಫನ್ಸ್ 1914ರಲ್ಲಿ ಈ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಅವರ ಹೆಸರಿನ ರಸ್ತೆ ಅಲ್ಲಿ ಇವತ್ತಿಗೂ ಇದೆ. ಎಂಜಿನಿಯರ್ ಆಗಿ ಆ ಕೆಲಸಕ್ಕೆ ನನ್ನ ಮೆಚ್ಚುಗೆಯಿದೆ.

ಆದರೆ ಪ್ಲೇಗಿನ ಮೊದಲ ವರ್ಷಗಳ ಇನ್ನೊಂದು ಮುಖವೂ ಇದೆ. ಮನೆ ಶೋಧ, ರೋಗಿಯನ್ನು ಮನೆಯವರಿಂದ ಬೇರ್ಪಡಿಸಿ ಕ್ಯಾಂಪಿಗೆ ಒಯ್ಯುವುದು ನಡೆಯಿತು. ಜನ ರೋಗಿಗಳನ್ನು ಬಚ್ಚಿಟ್ಟರು, ಊರು ಬಿಟ್ಟು ಓಡಿದರು. ಶ್ರೀರಂಗಪಟ್ಟಣದ ಗಂಜಾಮಿನಲ್ಲಿ 1898ರಲ್ಲೇ ದೊಡ್ಡ ಗಲಭೆಯಾಯಿತು. ಆಗ ಬೆಂಗಳೂರಿನ ಪ್ಲೇಗ್ ಕ್ಯಾಂಪಿನಲ್ಲಿ ದುಡಿದವರಲ್ಲಿ ಡಾ. ಪಲ್ಪು ಒಬ್ಬರು. ಈಳವ ಜಾತಿಯವರೆಂಬ ಕಾರಣಕ್ಕೆ ತಿರುವಾಂಕೂರಿನಲ್ಲಿ ಸರ್ಕಾರಿ ಕೆಲಸ ಸಿಗದೆ ಮೈಸೂರು ಸಂಸ್ಥಾನದ ಸೇವೆಗೆ ಬಂದಿದ್ದವರು, ಮುಂದೆ ಕೇರಳದ ಸಮಾಜ ಸುಧಾರಣೆಯಲ್ಲಿ ದೊಡ್ಡ ಹೆಸರಾದವರು.

ಬೆಂಗಳೂರಿನಲ್ಲಿ ಇಂದಿಗೂ ಪ್ಲೇಗಮ್ಮನ ಗುಡಿಗಳಿವೆ. ಪ್ಲೇಗಮ್ಮನ ಪೂಜೆಯಿಂದ ಒಂದು ಇಲಿಯೂ ಸಾಯಲಿಲ್ಲ ಎಂದು ಹೇಳಲು ನನಗೆ ಯಾವ ಸಂಕೋಚವೂ ಇಲ್ಲ. ಆದರೆ ಅಪ್ಪನನ್ನೋ ಮಗುವನ್ನೋ ಮನೆಯಿಂದ ಎಳೆದೊಯ್ದ ಆಡಳಿತಕ್ಕಿಂತ, ಎದುರು ನಿಂತು ಅಳಲು ಬಿಟ್ಟ ಗುಡಿ ಹತ್ತಿರವೆನಿಸಿದ್ದರೆ ಅದರಲ್ಲಿ ಆಶ್ಚರ್ಯವೇನು? ಕಾರಣ ತಿಳಿಯುವುದು ಒಪ್ಪಿಕೊಂಡಂತೆ ಅಲ್ಲ. 2014ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಎಬೋಲಾ ಹಬ್ಬಿದಾಗ ಶವಕ್ಕೆ ಸ್ನಾನ ಮಾಡಿಸುವ ಪದ್ಧತಿಯಿಂದ ಸೋಂಕು ಹರಡುತ್ತಿತ್ತು. ನಿಷೇಧ ಹೇರಿದಾಗ ಜನ ಗುಟ್ಟಾಗಿ ಹೂಳತೊಡಗಿದರು. ಆಮೇಲೆ ಮಾನವಶಾಸ್ತ್ರಜ್ಞರನ್ನೂ ಧಾರ್ಮಿಕ ಮುಖಂಡರನ್ನೂ ಕೂರಿಸಿಕೊಂಡು, ಸೋಂಕೂ ತಗಲಬಾರದು, ಸತ್ತವರಿಗೆ ಗೌರವವೂ ಸಲ್ಲಬೇಕು ಎಂಬ ಅಂತ್ಯಸಂಸ್ಕಾರದ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿತು. ಅಪಾಯದ ಪದ್ಧತಿ ನಿಂತದ್ದು ಹೀಗೆ ಕೇಳಿಸಿಕೊಂಡದ್ದರಿಂದ. ನಮ್ಮ ರಾಜ್ಯದಲ್ಲೂ ಮೌಢ್ಯಾಚರಣೆಗಳ ವಿರುದ್ಧ 2017ರ ಕಾಯ್ದೆ ಇದೆ. ಅದು ಬೇಕೇ ಬೇಕು. ಆದರೆ ಬಾಣಂತಿಗೆ ನೀರು ಕೊಡಬಾರದೆಂಬ ನಂಬಿಕೆಯನ್ನು ಯಾವ ಪೊಲೀಸ್ ಠಾಣೆ ಬಿಡಿಸೀತು?

ನನ್ನ ವೃತ್ತಿಯಲ್ಲೂ ಇದನ್ನು ಕಂಡಿದ್ದೇನೆ. ಬೋರ್‌ವೆಲ್ ಕೊರೆಸಿ, ಕೈಪಂಪು ಹಾಕಿಸಿದ ಹಳ್ಳಿಗಳಲ್ಲಿ ಹೆಂಗಸರು ಮತ್ತೆ ಹಳೆಯ ಬಾವಿಗೇ ಹೋಗುತ್ತಿದ್ದರು. ‘ಹಳೇ ಅಭ್ಯಾಸ, ಬದಲಾಗಲ್ಲ’ ಎಂದು ಕಚೇರಿಗಳಲ್ಲಿ ಮಾತಾಡಿಕೊಳ್ಳುತ್ತಿದ್ದರು. ಕೇಳಿದರೆ ಹೆಂಗಸರ ಉತ್ತರ ಸ್ಪಷ್ಟವಾಗಿತ್ತು: ಆ ನೀರಲ್ಲಿ ಬೇಳೆ ಬೇಯುವುದಿಲ್ಲ. ಅದು ರಸಾಯನಶಾಸ್ತ್ರದ ಮಾತೇ. ಸುಣ್ಣದ ಅಂಶ ಹೆಚ್ಚಿರುವ ಗಡಸು ನೀರಲ್ಲಿ ಬೇಳೆ ಬೇಗ ಮೆತ್ತಗಾಗುವುದಿಲ್ಲ, ಸೌದೆ ಹೆಚ್ಚು ಬೇಕು. ಸೌದೆ ಹೊರುವವಳು ಅವಳೇ.

ಇಂದಿನ ವಿದ್ಯಾರ್ಥಿಗೆ ಕೆ.ಆರ್. ಪುರದಿಂದ ಶಿವಾಜಿನಗರದವರೆಗಿನ ಹತ್ತು ಹನ್ನೆರಡು ಕಿಲೋಮೀಟರ್ ಸಾಕು. ಇಂದಿರಾನಗರದಲ್ಲಿ ದೊಡ್ಡ ಖಾಸಗಿ ಆಸ್ಪತ್ರೆಗಳು. ಶಿವಾಜಿನಗರದಲ್ಲಿ ಹತ್ತೊಂಬತ್ತನೆಯ ಶತಮಾನದಿಂದ ಬಡವರನ್ನು ನೋಡಿಕೊಂಡು ಬಂದ ಬೌರಿಂಗ್ ಆಸ್ಪತ್ರೆ. ಅದರ ಹೊರರೋಗಿ ಸಾಲಿನಲ್ಲಿ ಕನ್ನಡ, ತಮಿಳು, ಉರ್ದು, ತೆಲುಗು ಒಟ್ಟಿಗೆ ಕೇಳುತ್ತವೆ. ಹಲಸೂರಿನ ಹಳೆಯ ಕೇರಿಗಳಲ್ಲಿ ಜ್ವರ ಬಂದರೆ ಮೊದಲು ಮೆಡಿಕಲ್ ಸ್ಟೋರಿಗೆ ಹೋಗುವವರಿದ್ದಾರೆ. ಕೆ.ಆರ್. ಪುರದ ಆಚೆ ಕಟ್ಟಡ ಕೆಲಸಕ್ಕೆ ಬಂದ ಉತ್ತರದ, ಪೂರ್ವದ ರಾಜ್ಯಗಳ ಕುಟುಂಬಗಳು ತಗಡಿನ ಶೆಡ್ಡುಗಳಲ್ಲಿ, ಟ್ಯಾಂಕರ್ ನೀರಲ್ಲಿ ಬದುಕುತ್ತಿವೆ. ಆರು ತಿಂಗಳ ಕ್ಷಯದ ಔಷಧ ತಿನ್ನಬೇಕಾದ ಕೂಲಿಯವನನ್ನು ಎರಡನೇ ತಿಂಗಳಲ್ಲಿ ಮೇಸ್ತ್ರಿ ಇನ್ನೊಂದು ಸೈಟಿಗೆ ಕರೆದೊಯ್ದರೆ, ಆಸ್ಪತ್ರೆಯ ಪುಸ್ತಕದಲ್ಲಿ ಅವನು ಔಷಧ ಬಿಟ್ಟವನು. ಬಿಟ್ಟನೋ, ಬಿಡಬೇಕಾಯಿತೋ? ಇದನ್ನು ಕೇಳಿ ಬರೆದುಕೊಳ್ಳುವವರು ಬೇಕು.

ನಮ್ಮ ಸಂಸ್ಥೆಗಳಿಗೆ ಇದು ಹೊಸ ದಾರಿಯೂ ಅಲ್ಲ. 1916ರಲ್ಲಿ ಏಳು ಮಂದಿ ಶಿಕ್ಷಕರು ಕಟ್ಟಿದ ಬೆಳಗಾವಿಯ ಕೆಎಲ್‌ಇ ಸಂಸ್ಥೆಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು ಹೆರಿಗೆಯ ನಂತರದ ರಕ್ತಸ್ರಾವದ ಬಗ್ಗೆ ಸಂಶೋಧನೆ ನಡೆಸಿತು. ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ ಚುಚ್ಚುಮದ್ದನ್ನು ತಂಪಿನಲ್ಲಿಡಬೇಕು, ಕೊಡಲು ತರಬೇತಾದವರು ಬೇಕು. ಹಳ್ಳಿಯ ಹೆರಿಗೆಗಳಲ್ಲಿ ಪಕ್ಕದಲ್ಲಿರುವವರು ಸಹಾಯಕ ದಾದಿಯರು. ಅವರ ಕೈಯಿಂದ ಮಿಸೊಪ್ರಾಸ್ಟಾಲ್ ಮಾತ್ರೆ ಕೊಡಿಸಿದರು. 1,620 ಗರ್ಭಿಣಿಯರು ಭಾಗವಹಿಸಿದ ಆ ಅಧ್ಯಯನದಲ್ಲಿ ಹೆರಿಗೆಯ ನಂತರದ ಅತಿ ರಕ್ತಸ್ರಾವದ ಪ್ರಮಾಣ ಶೇ. 12ರಿಂದ ಶೇ. 6.4ಕ್ಕೆ ಇಳಿಯಿತು. 2006ರಲ್ಲಿ ಅದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. 2011ರಲ್ಲಿ ಈ ಬಳಕೆಗಾಗಿ ಮಾತ್ರೆ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಗೆ ಸೇರಿತು. ಹೆರಿಗೆಯಾಗುವ ಮನೆಯಲ್ಲಿ ಯಾರು ಇರುತ್ತಾರೆ ಎಂದು ನೋಡಿ ಔಷಧ ಆರಿಸಿದ್ದರಿಂದ ಇದು ಸಾಧ್ಯವಾಯಿತು.

ಇನ್ನು ಕೆಲಸದ ಪ್ರಶ್ನೆ. ಹೆತ್ತವರಿಗೆ ಸುಳ್ಳು ಹೇಳಬಾರದು. ಈ ಪದವಿಯಿಂದ ಯಾರೂ ವೈದ್ಯರಾಗುವುದಿಲ್ಲ, ಔಷಧ ಬರೆಯುವಂತಿಲ್ಲ. ಮೊದಲ ಸಂಬಳ ಸಾಫ್ಟ್‌ವೇರ್ ಹುಡುಗರ ಸಂಬಳಕ್ಕೆ ಸಮವಾಗದು. ಹೆಚ್ಚಿನವರು ಆಮೇಲೆ ಸಾರ್ವಜನಿಕ ಆರೋಗ್ಯದಲ್ಲಿ ಸ್ನಾತಕೋತ್ತರ ಪದವಿ ಮಾಡಬೇಕಾಗುತ್ತದೆ. ಆಸ್ಪತ್ರೆಗಳು, ಸರ್ಕಾರದ ಆರೋಗ್ಯ ಯೋಜನೆಗಳು, ಸಂಶೋಧನಾ ಸಂಸ್ಥೆಗಳು, ಸ್ವಯಂಸೇವಾ ಸಂಸ್ಥೆಗಳಲ್ಲಿ ಇಂಥವರಿಗೆ ಕೆಲಸವಿದೆ. ಎಂಬಿಬಿಎಸ್ ಸೀಟಿಗಾಗಿ ಮೂರು ಸಲ ನೀಟ್ ಬರೆದು, ಜಮೀನು ಮಾರಿ, ಮನಸ್ಸಿಲ್ಲದ ಕೋರ್ಸಿಗೆ ಸೇರುವುದಕ್ಕಿಂತ ಇದು ಕೆಟ್ಟ ದಾರಿಯಲ್ಲ.

ನನ್ನ ಸಲಹೆ ಇಷ್ಟು. ವೈದ್ಯಕೀಯ ಕಾಲೇಜನ್ನೂ ಪದವಿ ಕಾಲೇಜನ್ನೂ ನಡೆಸುವ ನಮ್ಮ ಸಂಸ್ಥೆಗಳು ಹಲವಿವೆ. ಅವು 30 ವಿದ್ಯಾರ್ಥಿಗಳ ಒಂದು ತರಗತಿಯಿಂದ ಆರಂಭಿಸಲಿ. ಮಾನವ ಶರೀರಶಾಸ್ತ್ರ ಮತ್ತು ಸಂಖ್ಯಾಶಾಸ್ತ್ರವನ್ನು ವೈದ್ಯಕೀಯ ಕಾಲೇಜಿನವರೇ ಕಲಿಸಲಿ. ಅವು ಗಟ್ಟಿಯಿಲ್ಲದಿದ್ದರೆ ಈ ಓದು ಬರೀ ಕಥೆಯಾಗುತ್ತದೆ. ಕನ್ನಡದ ಜೊತೆಗೆ ರೋಗಿಗಳ ಇನ್ನೊಂದು ಭಾಷೆ ಕಡ್ಡಾಯವಾಗಲಿ. ಕೊನೆಯ ವರ್ಷದ ಅರ್ಧ ಭಾಗ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕಳೆಯಲಿ. ಕೇಳಿ ತಿಳಿದದ್ದನ್ನು ಆ ಊರಿನವರ ಮುಂದೆಯೇ ಓದಿ ಹೇಳುವುದು ಪರೀಕ್ಷೆಯ ಭಾಗವಾಗಲಿ. ಜನರಿಂದ ಮಾಹಿತಿ ಪಡೆದು ಮಾಯವಾಗುವ ಸಂಶೋಧಕರು ಸಾಕಷ್ಟಿದ್ದಾರೆ. ಹೊಸ ಕಟ್ಟಡ ಬೇಡ. ಕಟ್ಟಡ ಕಟ್ಟಿಸಿಯೇ ಜೀವನ ಕಳೆದವನ ಮಾತು ಇದು, ನಂಬಬಹುದು.

ಮಾದಾರರು, ಮಡಿವಾಳರು, ಅಂಬಿಗರು ತಮ್ಮ ಅನುಭವವನ್ನು ತಾವೇ ಹೇಳಿದ ಮಂಟಪದ ವಾರಸುದಾರರು ನಾವು. ರೋಗಿಯ ಅನುಭವವನ್ನು ರೋಗಿಯ ಬಾಯಿಂದ ಕೇಳುವ ಓದು ನಮಗೆ ಪರಕೀಯವಾಗಬೇಕಿಲ್ಲ. ಪೂಜ್ಯರೂ ಸಂಸ್ಥೆಗಳ ಪದಾಧಿಕಾರಿಗಳೂ ಮುಂದಿನ ಶೈಕ್ಷಣಿಕ ವರ್ಷದ ಸಭೆಯಲ್ಲಿ ಈ ವಿಷಯವನ್ನು ಕಾರ್ಯಸೂಚಿಗೆ ಸೇರಿಸಬೇಕೆಂದು ಕೋರುತ್ತೇನೆ. ಪಠ್ಯಕ್ರಮದ ಕರಡು ತಯಾರಿಸುವ ಕೆಲಸಕ್ಕೆ ಕೈಜೋಡಿಸುವ ನಿವೃತ್ತ ವೈದ್ಯರು, ಅಧ್ಯಾಪಕರು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ. ಅವರ ಜೊತೆ ಕೂರಲು ನಾನೂ ಸಿದ್ಧ.