ಕ್ರಿಯಾಪದ ಕೊನೆಗೆ ಬಂದರೆ ಬುದ್ಧಿ ಹಿಂದೆ ಬಿದ್ದಂತೆಯೇ?

2025ರ ನವೆಂಬರಿನಲ್ಲಿ ನೈಜೀರಿಯಾದ ಶಿಕ್ಷಣ ಮಂತ್ರಿಗಳು ರಾಜಧಾನಿ ಅಬೂಜದ ಒಂದು ಸಮ್ಮೇಳನದಲ್ಲಿ ಎದ್ದು ನಿಂತು, ಪ್ರಾಥಮಿಕ ಶಾಲೆಗಳಲ್ಲಿ ತಾಯ್ನುಡಿಯ ಮೂಲಕ ಪಾಠ ಹೇಳಬೇಕೆಂಬ 2022ರ ನೀತಿಯನ್ನು ರದ್ದು ಮಾಡಿರುವುದಾಗಿ ಸಾರಿದರು. ಶಿಶುವಿಹಾರದಿಂದ ವಿಶ್ವವಿದ್ಯಾಲಯದವರೆಗೆ ಇನ್ನು ಇಂಗ್ಲೀಷೇ ಗತಿ. ಸಮ್ಮೇಳನವನ್ನು ಏರ್ಪಡಿಸಿದವರು ಬ್ರಿಟಿಷ್ ಕೌನ್ಸಿಲಿನವರು. ಕರೆದ ಮನೆಯವರಿಗೆ ಇದಕ್ಕಿಂತ ದೊಡ್ಡ ಉಡುಗೊರೆಯನ್ನು ಯಾವ ನೆಂಟನೂ ಒಯ್ದಿರಲಾರನು!

ಮಂತ್ರಿಗಳು ಕೊಟ್ಟ ಕಾರಣ, ತಾಯ್ನುಡಿಗೆ ಜೋತುಬಿದ್ದ ಪ್ರದೇಶಗಳ ಮಕ್ಕಳೇ ದೊಡ್ಡ ಪರೀಕ್ಷೆಗಳಲ್ಲಿ ನಪಾಸಾಗುತ್ತಿದ್ದಾರೆ ಎಂಬುದು. ಸ್ವಾಮಿ, ಲೆಕ್ಕ ಹಾಕೋಣ. ನೀತಿ ಬಂದದ್ದು 2022ರ ಕೊನೆಯಲ್ಲಿ. ಅದು ಪ್ರಾಥಮಿಕ ತರಗತಿಯ ಕೂಸುಗಳಿಗೆ. 2025ರಲ್ಲಿ ಪ್ರೌಢಶಾಲೆಯ ಕೊನೆಯ ಪರೀಕ್ಷೆಗೆ ಕೂತ ಹುಡುಗರು ಅಷ್ಟು ಹೊತ್ತಿಗಾಗಲೇ ಪ್ರಾಥಮಿಕ ಶಾಲೆ ದಾಟಿ ಹೋಗಿದ್ದವರು. ಆ ನೀತಿಯ ಒಂದು ಪಾಠವೂ ಅವರ ಕಿವಿಗೆ ಬಿದ್ದಿರಲಿಕ್ಕಿಲ್ಲ. ನಪಾಸಿನ ಹೊರೆಯನ್ನು ಹೊರಬೇಕಾದ್ದು ಯಾವುದೆಂದು ಒಬ್ಬ ಕಿರಾಣಿ ಅಂಗಡಿಯ ಗುಮಾಸ್ತನೂ ಹೇಳಬಲ್ಲ.

ಎಲ್ಲಿಯ ನೈಜೀರಿಯಾ, ಎಲ್ಲಿಯ ನಾವು ಎಂದು ಓದುಗರು ಹಾಳೆ ಮಗುಚಬಾರದು. ಆ ದೇಶದ ಒಂದು ಸಣ್ಣ ನುಡಿಯನ್ನು ಪರಿಚಯ ಮಾಡಿಕೊಡುತ್ತೇವೆ. ಅದರ ಮಾತಿನ ಕಟ್ಟಡ ಕಂಡರೆ ತಮ್ಮದೇ ಮನೆಯ ತೊಲೆ ಕಂಬಗಳು ನೆನಪಾದಾವು.

ನೈಜರ್ ನದಿ ನೂರಾರು ಕವಲಾಗಿ ಸಮುದ್ರ ಸೇರುವ ತಾಣದಲ್ಲಿ ಇಜೋ ಜನರಿದ್ದಾರೆ; ದೋಣಿಯವರು, ಮೀನು ಹಿಡಿಯುವವರು. ಐನೂರಕ್ಕೂ ಮೀರಿ ಭಾಷೆಗಳುಳ್ಳ ಆ ದೇಶದ ಸಂವಿಧಾನವು ರಾಷ್ಟ್ರದ ಶಾಸನಸಭೆಯ ವ್ಯವಹಾರಕ್ಕೆ ಇಂಗ್ಲೀಷನ್ನೂ, ಏರ್ಪಾಡಾದಾಗ ಹೌಸಾ, ಇಗ್ಬೊ, ಯೊರುಬಾಗಳನ್ನೂ ಹೆಸರಿಸಿದೆ. ಇಜೋ ಅಲ್ಲಿಲ್ಲ. ಇಜೋ ಎಂಬುದು ಒಂದು ನುಡಿಗಿಂತ ನುಡಿಗಳ ಗುಂಪು. ಅದರಲ್ಲಿ ಕೊಲೊಕುಮ ಎಂಬ ಬಗೆಗೆ ಕೇ ವಿಲಿಯಮ್‌ಸನ್ ಎಂಬ ವಿದುಷಿ ಬರೆದ ವ್ಯಾಕರಣ 1965ರಲ್ಲಿ ಅಚ್ಚಾಯಿತು.

ಇಂಗ್ಲೀಷಿನವನು ಪದಗಳನ್ನು ಹೂಡುವುದು ಹೀಗೆ: ಹೆಂಗಸು, ಕೊಟ್ಟಳು, ಗೆಣಸನ್ನು, ಮಗುವಿಗೆ. ಕೊಲೊಕುಮದವನು ಹೂಡುವುದು: ಹೆಂಗಸು, ಗೆಣಸು, ತೆಗೆದುಕೊಂಡು, ಮಗು, ಕೊಡು. ಗೆಣಸಿಗೆ ಅವರು ‘ಬುರು’ ಎನ್ನುತ್ತಾರೆ, ತೆಗೆದುಕೊಳ್ಳುವುದಕ್ಕೆ ‘ಅಕಿ’, ಮಗುವಿಗೆ ‘ತೊಬೌ’, ಕೊಡುವುದಕ್ಕೆ ‘ಪಿರಿ’. ಕೆಲಸ ಮುಗಿದುಹೋಯಿತೆನ್ನಲು ‘ಮಿ’ ಎಂಬ ಪ್ರತ್ಯಯ ಕ್ರಿಯೆಯ ಬಾಲಕ್ಕೆ ಅಂಟುತ್ತದೆ. ‘ಇಲ್ಲ’ ಎಂಬ ಅರ್ಥವೂ ಬಾಲದಲ್ಲಿಯೇ. ಇಂಗ್ಲೀಷಿನಲ್ಲಿ ‘ಒಳಗೆ ಮನೆ’. ಇಜೋದಲ್ಲಿ ‘ಮನೆ ಒಳಗೆ’. ನಮ್ಮ ‘ಗೆ’ ಪ್ರತ್ಯಯ ಅವರಲ್ಲಿಲ್ಲ, ಪದ ನಿಂತ ಜಾಗವೇ ಆ ಕೆಲಸ ಮಾಡುತ್ತದೆ. ಸ್ವರದ ಏರಿಳಿತದಿಂದ ಅರ್ಥ ಬದಲಾಗುವ ಅವರ ಪದ್ಧತಿ ನಮ್ಮಲ್ಲಿಲ್ಲ. ನಮಗೂ ಅವರಿಗೂ ನೆಂಟಸ್ತಿಕೆಯೇನೂ ಇಲ್ಲ. ಆದರೂ ಎರಡೂ ಕಡೆಯ ಮನುಷ್ಯನು ಮೊದಲು ವಸ್ತುವನ್ನು ಮುಂದಿಟ್ಟು ಆಮೇಲೆ ಅದಕ್ಕೇನಾಯಿತೆಂದು ಹೇಳುತ್ತಾನೆ. ಸೋಜಿಗವೆಂದರೆ ನೆರೆಹೊರೆಯ ಆ ಮೂರು ದೊಡ್ಡ ಭಾಷೆಗಳಲ್ಲಿ ಕ್ರಿಯಾಪದ ಇಂಗ್ಲೀಷಿನಂತೆ ನಡುವೆ ಬರುತ್ತದೆ. ಇಜೋದವನು ಸಂಖ್ಯೆಯಲ್ಲೂ ಅಲ್ಪಸಂಖ್ಯಾತ, ವಾಕ್ಯದಲ್ಲೂ ಅಲ್ಪಸಂಖ್ಯಾತ.

ಈ ಕಟ್ಟಡವನ್ನು ‘ತಲೆಕೆಳಗು’ ಎನ್ನುವ ಪಂಡಿತರು ಬಹಳ ಹಳಬರು. 1784ರಲ್ಲಿ ರಿವರೋಲ್ ಎಂಬ ಫ್ರೆಂಚನು, ಕರ್ತೃ, ಕ್ರಿಯೆ, ಕರ್ಮ ಎಂಬ ತನ್ನ ಭಾಷೆಯ ಕ್ರಮವೇ ತರ್ಕದ ಸಹಜ ಕ್ರಮವೆಂದು ಬರೆದನು. ಬರ್ಲಿನ್ನಿನ ಅಕಾಡೆಮಿ ಅದಕ್ಕೆ ಬಹುಮಾನವನ್ನೂ ಕೊಟ್ಟಿತು! ಕನ್ನಡ ವಾಕ್ಯ ಉಲ್ಟಾ ಎಂದು ಹೇಳಿಕೊಡುವ ಮೇಷ್ಟ್ರುಗಳು ನಮ್ಮಲ್ಲೂ ಉಂಟು. ‘ಸಕ್ಕರೆ ಎರಡು ಕಿಲೋ ಕೊಡಿ’ ಎಂದು ಗಿರಾಕಿ ಕೇಳಿದರೆ, ‘ಕೊಡಿ’ ಕೊನೆಗೆ ಬಂತೆಂದು ಯಾವ ವ್ಯಾಪಾರಿ ತೂಕ ತಪ್ಪಿದ್ದಾನೆ? ‘ಸಕ್ಕರೆ’ ಎಂದೊಡನೆಯೇ ಅವನ ಕೈ ಚೀಲದತ್ತ ಹೋಗಿರುತ್ತದೆ. ಲೋಕದ ಭಾಷೆಗಳನ್ನು ಎಣಿಸಿದವರ ಪಟ್ಟಿಯಲ್ಲಿ ಕ್ರಿಯಾಪದ ಕೊನೆಗೆ ಬರುವವುಗಳದೇ ಹೆಚ್ಚಿನ ಸಂಖ್ಯೆ; ಜಪಾನಿನವರೂ ತುರ್ಕಿಯವರೂ ಈ ಸಾಲಿನವರೇ.

ಇಜೋ ಭಾಷೆಯ ಗೇಬ್ರಿಯಲ್ ಒಕಾರ, ಹಿಂದೆ ಅಚ್ಚುಕೂಟದಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟಿದ ಕೈಯವನು, 1964ರಲ್ಲಿ ‘ದಿ ವಾಯ್ಸ್’ ಎಂಬ ಇಂಗ್ಲೀಷು ಕಾದಂಬರಿಯಲ್ಲಿ ಬೇಕೆಂದೇ ಇಜೋ ವಾಕ್ಯದ ಜಾಡನ್ನು ಹಿಡಿದನು. ಇಂಗ್ಲೀಷು ಕ್ರಿಯಾಪದಗಳು ಅಲ್ಲಿ ಇಜೋ ಶಿಸ್ತಿನಲ್ಲಿ ಕೊನೆಗೆ ಹೋಗಿ ನಿಂತವು. ಲಂಡನ್ನಿನವರು ಅಚ್ಚುಹಾಕಿದರು, ವಿದ್ವಾಂಸರು ಇಂದಿಗೂ ಅದರ ಮೇಲೆ ಪ್ರಬಂಧ ಬರೆಯುತ್ತಾರೆ. ಒಳ್ಳೆಯದೇ. ಆದರೆ ಏಳು ವರ್ಷದ ಇಜೋ ಹುಡುಗಿ ಅದೇ ಜಾಡಿನಲ್ಲಿ ಒಂದು ಇಂಗ್ಲೀಷು ಸಾಲು ಬರೆದರೆ ಸಿಗುವುದು ಕೆಂಪು ಗೀಟು. ಅವಳು ದಡ್ಡಿಯಲ್ಲ. ತಾಯಿಯ ಬಾಯಿಂದ ಕಲಿತ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ್ದಾಳೆ. ‘ನಿನ್ನ ಮಾತಿನಲ್ಲಿ ಕ್ರಿಯೆ ಕೊನೆಗೆ, ಈ ಮಾತಿನಲ್ಲಿ ನಡುವೆ’ ಎಂದು ಅವಳದೇ ನುಡಿಯಲ್ಲಿ ಹೇಳುವವರಿದ್ದರೆ ಒಂದು ವಾರದಲ್ಲಿ ಹಿಡಿದಾಳು. ಮಂತ್ರಿಗಳು ಕಿತ್ತುಹಾಕಿದ್ದು ಆ ಹೇಳುವ ನುಡಿಯನ್ನು.

ಇಂಗ್ಲೀಷು ಬೇಡವೆಂದು ನಾವು ಹೇಳುತ್ತಿಲ್ಲ. ಬಂದರಿನಲ್ಲಿ, ಎಣ್ಣೆ ಕಂಪನಿಯಲ್ಲಿ ಕೆಲಸ ಬೇಡುವ ಕೂಲಿಗಾರನ ಮಗನಿಗೆ ಅದು ಬೇಕೇ ಬೇಕು. ಅದನ್ನು ಕಲಿಯುವ ದಾರಿ ಯಾವುದೆಂಬುದೇ ಪ್ರಶ್ನೆ. ಇದೇ ನೈಜೀರಿಯಾದ ಇಫೆಯಲ್ಲಿ 1970ರಲ್ಲಿ ಆರಂಭವಾದ ಯೋಜನೆಯೊಂದರಲ್ಲಿ ಮಕ್ಕಳಿಗೆ ಆರು ವರ್ಷ ಎಲ್ಲ ಪಾಠ ಯೊರುಬಾದಲ್ಲಿ, ಇಂಗ್ಲೀಷು ಒಂದು ವಿಷಯವಾಗಿ ಮಾತ್ರ. ಆ ಮಕ್ಕಳು ಹಿಂದೆ ಬೀಳಲಿಲ್ಲ, ಇಂಗ್ಲೀಷಿನಲ್ಲೇ ಮುಂದಿದ್ದರು. ಪ್ರೊಫೆಸರ್ ಬಾಬ್ಸ್ ಫಫುನ್ವಾ ನಡೆಸಿದ ಈ ಕೆಲಸ ಮಂತ್ರಾಲಯಕ್ಕೆ ಗೊತ್ತಿಲ್ಲದ್ದೇನಲ್ಲ. ಯೊರುಬಾ ದೊಡ್ಡ ಭಾಷೆ, ಸಣ್ಣವಕ್ಕೆ ಪುಸ್ತಕ ಎಲ್ಲಿಂದ ಎನ್ನುತ್ತೀರಾ? ಅದೇ ವಿಲಿಯಮ್‌ಸನ್ ಮತ್ತು ಜೊತೆಗಾರರು ರಿವರ್ಸ್ ರಾಜ್ಯದ ಸುಮಾರು ಇಪ್ಪತ್ತು ನುಡಿಗಳಿಗೆ ಬಾಲಪಾಠಗಳನ್ನು ಮಾಡಿ ತೋರಿಸಿದರು.

ಹಣವಿಲ್ಲವೆಂಬ ಮಾತನ್ನಂತೂ ಯಾರೂ ಆಡದಿರಲಿ. 1956ರಲ್ಲಿ ನೈಜೀರಿಯಾದ ಎಣ್ಣೆ ಮೊದಲು ಉಕ್ಕಿದ ಓಲೋಯ್ಬಿರಿ ಇರುವುದು ಇದೇ ಕವಲುಹೊಳೆಗಳ ನಾಡಿನಲ್ಲಿ. 1958ರಿಂದ ಅದು ಹಡಗು ಹತ್ತಿ ಹೊರದೇಶಕ್ಕೆ ಹೋಗುತ್ತಿದೆ. ನೆಲದಡಿಯ ಎಣ್ಣೆಯನ್ನು ಎತ್ತುವಾಗ ಅಲ್ಲಿಯ ಜನ ಸಣ್ಣವರೆಂದು ಯಾವ ಸರಕಾರವೂ ಹಿಂಜರಿಯಲಿಲ್ಲ. ಈ ರದ್ದತಿಯನ್ನು ನಾವು ಖಂಡಿಸುತ್ತೇವೆ. ಕೊಲೊಕುಮ ವ್ಯಾಕರಣ ಅಚ್ಚಾಗಿ ಅರವತ್ತು ವರ್ಷ ದಾಟಿದೆ. ಅದರ ಸಾರವನ್ನು ಹತ್ತು ಹಾಳೆಗೆ ಇಳಿಸಿ, ಇಂಗ್ಲೀಷು ವಾಕ್ಯದ ಪಕ್ಕದಲ್ಲಿ ಇಜೋ ವಾಕ್ಯವನ್ನಿಟ್ಟು, ಹೊಳೆದಂಡೆಯ ಪ್ರತಿಯೊಬ್ಬ ಮೇಷ್ಟ್ರ ಕೈಗೆ ಕೊಡಲು ಎಷ್ಟು ಪೀಪಾಯಿ ಎಣ್ಣೆ ಬೇಕಾದೀತು? ಮಂತ್ರಿಗಳು ಆ ಲೆಕ್ಕವನ್ನು ಮೊದಲು ಜನರ ಮುಂದಿಡಲಿ.