ಖುಲಾಸೆ ಎಂದರೆ ಏನು? ರೈಲು ಸ್ಫೋಟದ ತೀರ್ಪು ಎತ್ತಿದ ಪ್ರಶ್ನೆ

ಮುಂಬಯಿ: 2006ರ ಜುಲೈ 11ರ ಸಂಜೆ ಪಶ್ಚಿಮ ರೈಲ್ವೆಯ ಲೋಕಲ್ ಗಾಡಿಗಳ ಪ್ರಥಮ ದರ್ಜೆ ಬೋಗಿಗಳಲ್ಲಿ 7 ಬಾಂಬ್‌ಗಳು ಸಿಡಿದು 180ಕ್ಕೂ ಹೆಚ್ಚು ಮಂದಿ ಅಸುನೀಗಿದ್ದರು. ಮಾಟುಂಗಾ ರೋಡ್‌ನಿಂದ ಮೀರಾರೋಡ್ ತನಕದ ಆ ಮಾರ್ಗ ಉಪನಗರದ ತುಳು-ಕನ್ನಡಿಗರ ನಿತ್ಯದ ಹಾದಿ. ಈ ಪ್ರಕರಣದಲ್ಲಿ 2015ರಲ್ಲಿ ಶಿಕ್ಷೆಗೊಳಗಾಗಿದ್ದ 12 ಮಂದಿಯನ್ನೂ ಬಾಂಬೆ ಹೈಕೋರ್ಟ್ 2025ರ ಜುಲೈ 21ರಂದು ಖುಲಾಸೆಗೊಳಿಸಿತು. ಇವರಲ್ಲವಾದರೆ ಮತ್ಯಾರು ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು.

ಆದರೆ ಕೋರ್ಟಿನ ಮುಂದಿದ್ದದ್ದು ಆ ಪ್ರಶ್ನೆಯಲ್ಲ. ಕಟಕಟೆಯಲ್ಲಿ ನಿಂತವರ ಮೇಲಿನ ಆರೋಪ ಸಮಂಜಸ ಸಂಶಯಕ್ಕೆ ಎಡೆಯಿಲ್ಲದಂತೆ ರುಜುವಾತಾಗಿದೆಯೇ ಎಂಬುದಷ್ಟೇ ಅದರ ಪ್ರಶ್ನೆ. ಮತ್ಯಾರು ಎಂದು ಹುಡುಕಬೇಕಾದವರು ಪೊಲೀಸರು. ಸಾಕ್ಷಿಗಳು ನೂರು ದಿನಗಳಷ್ಟು ತಡವಾಗಿ ಮುಂದೆ ಬಂದದ್ದು, ಗುರುತು ಪರೇಡ್ ನಡೆಸಿದ ಅಧಿಕಾರಿಗೆ ಆ ಅಧಿಕಾರವೇ ಇಲ್ಲದಿದ್ದದ್ದು, ತಪ್ಪೊಪ್ಪಿಗೆಗಳಲ್ಲಿ ಒಂದೇ ಬಗೆಯ ಮಾತುಗಳಿದ್ದದ್ದು, ಯಾವ ಬಗೆಯ ಬಾಂಬ್ ಬಳಕೆಯಾಯಿತೆಂಬುದೇ ಸಾಬೀತಾಗದ್ದು ಹೈಕೋರ್ಟಿಗೆ ಒಪ್ಪಿಗೆಯಾಗಲಿಲ್ಲ. ಐವರಿಗೆ ಗಲ್ಲು ಶಿಕ್ಷೆಯಾಗಿತ್ತು ಎಂಬುದನ್ನು ಮರೆಯಬಾರದು. ಅವರಲ್ಲೊಬ್ಬ 2021ರಲ್ಲಿ ಸೆರೆಯಲ್ಲಿದ್ದಾಗಲೇ ತೀರಿಕೊಂಡ. ಅವನ ಪಾಲಿಗೆ ಖುಲಾಸೆ ಬಂದದ್ದು ಸತ್ತ ಮೇಲೆ.

ಖುಲಾಸೆಯಾದರೆ ಎಲ್ಲ ಮುಗಿಯಿತೇ? ಇಲ್ಲ. ಇದೇ ಮುಂಬಯಿಯ ನಾನಾವತಿ ಪ್ರಕರಣದಲ್ಲಿ 1959ರಲ್ಲಿ ಜ್ಯೂರಿ ಎಂಟಕ್ಕೆ ಒಂದರಂತೆ ನಿರ್ದೋಷಿ ಎಂದಿತು. ಸೆಷನ್ಸ್ ನ್ಯಾಯಾಧೀಶರು ಒಪ್ಪದೆ ಹೈಕೋರ್ಟಿಗೆ ಕಳುಹಿಸಿದರು, ಅಲ್ಲಿ ಶಿಕ್ಷೆಯಾಯಿತು. ಮೇಲ್ಮನವಿ ಹಕ್ಕು 2009ರ ತಿದ್ದುಪಡಿಯ ಬಳಿಕ ನೊಂದವರಿಗೂ ಇದೆ. ಅದೇ ಆರೋಪದ ಮೇಲೆ ಹೊಸದಾಗಿ ವಿಚಾರಣೆ ಹೂಡುವುದನ್ನು ಮಾತ್ರ ಕಾನೂನು ತಡೆಯುತ್ತದೆ. ರೈಲು ಸ್ಫೋಟದ ತೀರ್ಪಿಗೆ ಸುಪ್ರೀಂ ಕೋರ್ಟ್ ಜುಲೈ 24ರಂದು ನೀಡಿದ ತಡೆಯ ಬಗ್ಗೆಯೂ ಗೊಂದಲವಿದೆ. ಬಿಡುಗಡೆಯಾದವರು ಮರಳಿ ಜೈಲಿಗೆ ಹೋಗಬೇಕಿಲ್ಲ, ತೀರ್ಪನ್ನು ಬೇರೆ ಪ್ರಕರಣಗಳಲ್ಲಿ ಪೂರ್ವನಿದರ್ಶನವಾಗಿ ಬಳಸುವಂತಿಲ್ಲ ಎಂಬುದಷ್ಟೇ ಅದರ ಅರ್ಥ.

ನೌಕರಿಯಲ್ಲಿರುವವರಿಗೆ ಇನ್ನೊಂದು ತೊಡಕಿದೆ. ಕೋರ್ಟು ಬಿಟ್ಟರೂ ಇಲಾಖೆ ಬಿಡಬೇಕೆಂದಿಲ್ಲ. ಇಲಾಖಾ ವಿಚಾರಣೆಗೆ ಅಷ್ಟು ಕಟ್ಟುನಿಟ್ಟಿನ ರುಜುವಾತು ಬೇಡ, ಸಂಭವ ಯಾವ ಕಡೆಗೆ ಹೆಚ್ಚು ಎಂದು ನೋಡಿದರೆ ಸಾಕು. ಹಾಗಿದ್ದೂ ಕೋಲಾರ ಚಿನ್ನದ ಗಣಿಯ ಭದ್ರತಾ ಅಧಿಕಾರಿಯೊಬ್ಬರ ಪ್ರಕರಣ ನೆನಪಿಡುವಂಥದ್ದು. ಮನೆಯಲ್ಲಿ ಚಿನ್ನ ಸಿಕ್ಕಿತೆಂದು ಭಾರತ್ ಗೋಲ್ಡ್ ಮೈನ್ಸ್ 1986ರಲ್ಲಿ ಅವರನ್ನು ವಜಾ ಮಾಡಿತು. ಮರುವರ್ಷ ಕೋರ್ಟು ಖುಲಾಸೆಗೊಳಿಸಿದರೂ ಕೆಲಸ ಸಿಗಲಿಲ್ಲ. ಅಮಾನತಿನಲ್ಲಿದ್ದಾಗ ಜೀವನಾಧಾರ ಭತ್ಯೆಯೂ ಇಲ್ಲದೆ ಅವರು ವಿಚಾರಣೆಗೆ ಹಾಜರಾಗುವಂತಿರಲಿಲ್ಲ. ಎರಡೂ ಕಡೆ ಆರೋಪ ಒಂದೇ, ಸಾಕ್ಷ್ಯ ಒಂದೇ ಆಗಿರುವಾಗ ವಜಾ ನಿಲ್ಲದು ಎಂದು 1999ರಲ್ಲಿ ಸುಪ್ರೀಂ ಕೋರ್ಟ್ ಹೇಳಿ ಮರಳಿ ಕೆಲಸಕ್ಕೆ ಸೇರಿಸಿತು. ಅಷ್ಟರಲ್ಲಿ 13 ವರ್ಷ ಉರುಳಿತ್ತು.

ಜಾಮೀನು ಸಿಕ್ಕವನನ್ನೂ ಖುಲಾಸೆಯಾದವನೆಂದು ಕರೆಯುವುದು ನಮ್ಮಲ್ಲಿ ಮಾಮೂಲು. ಜಾಮೀನು ತಾತ್ಕಾಲಿಕ. ವಿಚಾರಣೆಗೇ ಆಧಾರವಿಲ್ಲವೆಂದು ಆರಂಭದಲ್ಲೇ ಕೈಬಿಡುವುದು ಇನ್ನೊಂದು ಬಗೆ. ಸಾಕ್ಷ್ಯವನ್ನೆಲ್ಲ ಪರಿಶೀಲಿಸಿ ನಿರ್ದೋಷಿ ಎಂದು ತೀರ್ಪು ಕೊಟ್ಟರೆ ಮಾತ್ರ ಖುಲಾಸೆ. ಅದರ ಪ್ರಮಾಣಿತ ಪ್ರತಿ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು, ನೌಕರಿಗೂ ಪಾಸ್‌ಪೋರ್ಟಿಗೂ ಬೇಕಾಗುತ್ತದೆ.

ಕಳೆದ ವರ್ಷಗಳಿಗೆ ಪರಿಹಾರ? ಸಾಕಷ್ಟು ಕಾರಣವಿಲ್ಲದೆ ಪೊಲೀಸರಿಂದ ಬಂಧನ ಮಾಡಿಸಿದವನಿಂದ ಮ್ಯಾಜಿಸ್ಟ್ರೇಟರು ಪರಿಹಾರ ಕೊಡಿಸಬಹುದು. 2024ರ ಜುಲೈಯಲ್ಲಿ ಜಾರಿಗೆ ಬಂದ ಹೊಸ ಸಂಹಿತೆಯಲ್ಲೂ ಅದರ ಗರಿಷ್ಠ ಮಿತಿ 1,000 ರೂಪಾಯಿ.